ನಾಲ್ಕನೆಯವ ಕಮಲಾಕ್ಷ

ಕಾಡಿಗೆ ಹೊರಟಿದ್ದ ನಾಲ್ವರಲ್ಲಿ ಒಬ್ಬನಿಗೆ ಹಿಂದಿನ ದಿನ ಬೆನ್ನು ಹಿಡಿದುಕೊಂಡಿತು. ಆದದ್ದು ಇಷ್ಟೇ. ಉಳಿದದ್ದೆಲ್ಲ ಚಂದ್ರಹಾಸನ ಮನೆಯೊಳಗೇ ಹುಟ್ಟಿದ್ದು.

ಚಂದ್ರಹಾಸ ತಿರುವನಂತಪುರದ ಸರಕಾರಿ ಕಚೇರಿಯೊಂದರಲ್ಲಿ ಕನ್ನಡ ಭಾಷಾಂತರಕಾರ. ಕಾಸರಗೋಡಿನಿಂದ ಬರುವ ಅರ್ಜಿಗಳನ್ನು ಮಲಯಾಳಕ್ಕೆ, ಇಲ್ಲಿಂದ ಹೋಗುವ ಆದೇಶಗಳನ್ನು ಕನ್ನಡಕ್ಕೆ ತಿರುಗಿಸಿ ತಿರುಗಿಸಿ ಅವನ ಕುತ್ತಿಗೆಯೇ ತಿರುಗದಂತಾಗಿತ್ತು. ಒಮ್ಮೆಯಾದರೂ ಬೆಟ್ಟದ ತುದಿಯಲ್ಲಿ ನಿಂತು ಕೆಳಗಿನ ಲೋಕವನ್ನು ನೋಡಿಬಿಡಬೇಕು ಎಂಬುದೊಂದೇ ಆಸೆ. ಮೂರು ದಿನದ ಚಾರಣ. ಅದರ ಕಾಡಿನ ಪಾಸು ವರ್ಷಗಟ್ಟಲೆ ಕಾದ ಮೇಲೆ ಈ ಸಲ ಸಿಕ್ಕಿತ್ತು. ಕಳಕ್ಕೂಟಂನ ಅವನ ಫ್ಲಾಟಿನಲ್ಲಿ ಊಟದ ಮೇಜಿನ ಮೇಲೆ ಊಟದ ಬದಲು ನಕಾಶೆ ಹರಡಿತ್ತು. ಜಿಗಣೆಗೆ ಉಪ್ಪು, ಹಸಿವಿಗೆ ಅವಲಕ್ಕಿ, ಎರಡಕ್ಕೂ ಒಂದೇ ತರಹದ ಪೊಟ್ಟಣ ಕಟ್ಟಿಟ್ಟು, ಯಾವುದು ಯಾವುದೆಂದು ಮರೆತೂ ಆಗಿತ್ತು.

"ಈಗ ಮೂರೇ ಜನವಾ? ಮೂರು ಜನ ಹೊರಡ್ಲಿಕ್ಕಿಲ್ಲ," ಎಂದಳು ಹೆಂಡತಿ ಕೋಕಿಲಾ.

"ಪಾಸು ಉಂಟು ಮಾರಾಯ್ತಿ!"

"ಪಾಸು ಕೊಟ್ಟವನಿಗೆ ಎಂತ ಗೊತ್ತು? ಒಂದು ಕಲ್ಲು ತನ್ನಿ. ಅದೇ ನಾಲ್ಕನೆಯವ. ನಮ್ಮಜ್ಜಿ ಹಾಗೇ ಮಾಡ್ತಿದ್ದದ್ದು. ಹೆಸರಿಡ್ಬೇಕು. ಯಾರು ಕೇಳಿದ್ರೂ ನಾಲ್ಕು ಜನ ಅಂತ್ಲೇ ಹೇಳ್ಬೇಕು. ಕಲ್ಲು ಅಂತ ಬಾಯಿಬಿಟ್ರೋ, ಮತ್ತೆ ಲೆಕ್ಕಕ್ಕಿಲ್ಲ."

ಚಂದ್ರಹಾಸ ಕೆಳಗಿಳಿದು ತೆಂಗಿನಕಾಯಿ ಗಾತ್ರದ ನುಣುಪಾದ ಕಲ್ಲೊಂದನ್ನು ಹೊತ್ತು ತಂದು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟ. ಬಾಯಿಗೆ ಬಂದ ಹೆಸರು ಕಮಲಾಕ್ಷ. ಮೊಬೈಲಿನಲ್ಲಿ ಗೆಳೆಯರ ಗುಂಪಿಗೂ ಹಾಕಿದ: "ಚಿಂತೆ ಬೇಡ. ನಾಲ್ಕನೆಯವ ಸಿಕ್ಕಿದ. ಕಮಲಾಕ್ಷ, ನಮ್ಮ ಕಡೆಯವನೇ." ಗುಂಪಿನಲ್ಲಿ ಉಳಿದವರು ಇಬ್ಬರು: ಕೊಚ್ಚಿಯ ಅಂಬಲಮುಗಳಿನಲ್ಲಿ ಕೆಲಸಕ್ಕಿದ್ದ ಪ್ರಮೋದ್, ಇಲ್ಲೇ ಐಟಿ ಪಾರ್ಕಿನ ಹುಡುಗ ಅಜಿತ್.

ಮರುದಿನ ಬೆಳಗ್ಗೆ ಹಲ್ಲುಜ್ಜುತ್ತಿರುವಾಗಲೇ ಪ್ರಮೋದನ ಫೋನು.

"ಹೊರಟೆವು ಮಾರಾಯ, ನಾನೂ ಕಮಲಾಕ್ಷನೂ!"

ಚಂದ್ರಹಾಸ ನೊರೆ ನುಂಗಿದ. "ಯಾರು?"

"ನಿನ್ನ ಕಮಲಾಕ್ಷ! ರಾತ್ರಿ ರೈಲಿಗೆ ಬಂದದ್ದಿರ್ಬೇಕು. ಬೆಳಗ್ಗೆ ಬಾಗಿಲು ತೆಗೆದ್ರೆ ಮೆಟ್ಟಿಲ ಮೇಲೆ ಕೂತಿದ್ದಾನೆ. ಕಮಲಾಕ್ಷನಾ ಅಂದ್ರೆ ತಲೆ ಆಡಿಸಿದ. ಒಳ್ಳೇ ಜನ. ಮಾತು ಮಾತ್ರ ಇಲ್ಲ. ಪುಟ್ಟು ಕಡಲೆ ತರಿಸಿದೆ, ಮುಟ್ಟಲಿಲ್ಲ. ಕಾರು ಒಂದು ಬದಿಗೆ ವಾಲ್ತಾ ಉಂಟು, ಟಯರಿಗೆ ಗಾಳಿ ಹಾಕಿಸ್ಬೇಕು."

ತಮಾಷೆ ಮಾಡುತ್ತಿದ್ದಾನೆಂದು ಚಂದ್ರಹಾಸ ನಗಲು ಹೋದ. ಆದರೆ ಕಲ್ಲಿನ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ನಗು ಅರ್ಧಕ್ಕೇ ನಿಂತಿತು. ಓಡಿ ಹೋಗಿ ನೋಡಿದರೆ ಸ್ಟ್ಯಾಂಡಿನ ಮೇಲೆ ಕಲ್ಲಿಲ್ಲ. ಅದಿದ್ದ ಜಾಗದಲ್ಲಿ ದುಂಡಗಿನ ಒದ್ದೆ ಕಲೆ. ಪಕ್ಕದಲ್ಲಿದ್ದ ಅವನ ಹಳೇ ಚಪ್ಪಲಿಯೂ ಇಲ್ಲ.

"ಕೋಕಿಲಾ, ಕಲ್ಲು ತೆಗೆದದ್ದು ನೀನಾ?"

"ನಾನ್ಯಾಕೆ ತೆಗೀಲಿ? ನಿಮ್ಮ ಕಮಲಾಕ್ಷ, ನೀವು ನೋಡ್ಕೊಳ್ಬೇಕು."

ಎದುರು ಬಾಗಿಲು ತೆರೆಯಿತು. ಕುಸುಮಾವತಿ ಟೀಚರಿಗೆ ಪೆನ್ಶನ್ ಬಂದ ಮೇಲೆ ಆ ಬಾಗಿಲೇ ಶಾಲೆ. ಮೆಟ್ಟಿಲಲ್ಲಿ ಹತ್ತಿಳಿಯುವವರ ಹಾಜರಿ ಅವರಲ್ಲೇ.

"ನಿಮ್ಮ ಗೆಸ್ಟ್ ರಾತ್ರಿಯೇ ಹೋದ್ರಲ್ಲ ಚಂದ್ರಹಾಸರೇ. ಎಷ್ಟು ತೂಕದ ಹೆಜ್ಜೆ! ಶೋಕೇಸಿನ ಕಪ್ಪುಗಳೆಲ್ಲ ಗಡಗಡ. ಯಾರು ಅಂತ ಕೇಳಿದೆ. ತಿರುಗಿ ನೋಡಿದ್ರು. ಅಷ್ಟೇ." ಟೀಚರ್ ಸೆರಗು ಹೊದ್ದುಕೊಂಡರು. "ಕಣ್ಣು ಪಿಳುಕಿಸ್ಲೇ ಇಲ್ಲ."

ಕೋಕಿಲಾ ಗಂಡನ ಮುಖ ನೋಡಿದಳು. "ಆ ಕಲ್ಲು ನೀವು ಎಲ್ಲಿಂದ ತಂದದ್ದು?"

"ಹಿಂದಿನ ಕಾವಿನಿಂದ, ಆ ದೇವರ ಬನದ ಹತ್ರದಿಂದ. ರಸ್ತೆಯ ಜಲ್ಲಿ ಚೂಪು, ಬ್ಯಾಗ್ ಹರೀತದೆ ಅಂತ..."

"ಕಾವಿನಿಂದವಾ! ದೀಪ ಇಡುವ ಜಾಗದಿಂದ ತಂದು ಚಪ್ಪಲಿಯ ಹತ್ರ ಇಟ್ರಾ?"

ಅವಳು ದೇವರ ಕೋಣೆ ಸೇರಿದಳು. ಟೀಚರ್ ಬಾಗಿಲು ಹಾಕಿಕೊಂಡರು; ಅವರು ಹಾಗೆ ಮಾಡಿದ್ದನ್ನು ಆ ಕಟ್ಟಡದಲ್ಲಿ ಯಾರೂ ನೋಡಿರಲಿಲ್ಲ.

ಮಧ್ಯಾಹ್ನ ಅಜಿತನ ಫೋನು. "ಅಣ್ಣ, ಪ್ರಮೋದಣ್ಣ ನನ್ನನ್ನು ಹತ್ತಿಸ್ಕೊಂಡ್ರು. ಕಮಲಾಕ್ಷಣ್ಣ ಸೂಪರ್! ಕೈ ಕುಲುಕಿದೆ, ಫ್ರಿಜ್ಜಿಂದ ತೆಗೆದ ಹಾಗೆ ತಣ್ಣಗೆ. ಹೊರಗೆ ಈ ಬಿಸಿಲು! ಶೂಸ್ ಕೂಡ ಇಲ್ಲ, ಹಳೇ ಚಪ್ಪಲಿಯಲ್ಲೇ ಬಂದಿದ್ದಾರೆ."

"ಅಜಿತ್, ಕೇಳು. ಕಮಲಾಕ್ಷ ಅಂತ ಯಾರೂ ಇಲ್ಲ. ಅವನು... ಅದು ಕಲ್ಲು!"

ಆಚೆ ಕಡೆ ನಗೆ ಸಿಡಿಯಿತು. "ಪ್ರಮೋದಣ್ಣ, ಕಮಲಾಕ್ಷಣ್ಣ ಕಲ್ಲಂತೆ! ಮಾತಾಡದಿದ್ರೆ ಕಲ್ಲು ಅನ್ನುದಾ ಅಣ್ಣ? ಪಾಪ, ಬೇಜಾರಾಯ್ತು ಅವ್ರಿಗೆ. ನನ್ನ ಫೋನನ್ನೇ ನೋಡ್ತಿದ್ದಾರೆ."

ಹಿಂದೆಯೇ ಒಂದು ಫೋಟೋ ಬಂತು. ಪ್ರಮೋದ್ ಹಲ್ಲು ಕಿರಿದಿದ್ದ, ಅಜಿತ್ ಹೆಬ್ಬೆರಳೆತ್ತಿದ್ದ. ಹಿಂದಿನ ಸೀಟಿನಲ್ಲಿ ಮೂರನೆಯ ಆಕೃತಿ. ಮುಖದ ಮೇಲೆ ಬಿಸಿಲು ಬಿದ್ದು ಮೂಗು ಬಾಯಿ ಕಾಣಿಸದು. ಕಾಣುತ್ತಿದ್ದದ್ದು ನುಣ್ಣಗಿನ ತಲೆ, ಅದರ ಒಂದು ಬದಿಯಲ್ಲಿ ಬೆರಳಗಲ ಹಾವಸೆ.

ಚಂದ್ರಹಾಸ ಮೇಜಿನ ಮೇಲಿನ ನಕಾಶೆಯನ್ನು ಒಮ್ಮೆ ನೋಡಿದ. ಬೆಟ್ಟದ ತುದಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದ. ಈ ಸಲ ಬಿಟ್ಟರೆ ಪಾಸು ಮತ್ತೆ ಯಾವಾಗಲೋ, ಅಷ್ಟರಲ್ಲಿ ಮಂಡಿ ಇರುತ್ತದೋ ಇಲ್ಲವೋ. ಆದರೆ ಕಾಡಿನ ನಡುವೆ, ಇಬ್ಬರು ಮಲಗುವ ಟೆಂಟಿನಲ್ಲಿ, ತನ್ನ ಪಕ್ಕ ಮಲಗುವವನು ಯಾರು? ನಾಲ್ಕನೆಯವನನ್ನು ಕರೆದವನೇ ಜೊತೆಗಿಟ್ಟುಕೊಳ್ಳಬೇಕೆಂದು ಗುಂಪಿನಲ್ಲಿ ಮೊದಲೇ ಮಾತಾಗಿತ್ತು.

"ಜ್ವರ," ಎಂದು ಬರೆದು ಕಳಿಸಿದ. "ನೂರಮೂರು. ನೀವು ಹೋಗಿ ಬನ್ನಿ."

ಕಳಿಸಿದ್ದೇ, ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಕುಸಿದ. ದುಃಖ ಬಂತು, ಅದರ ಹಿಂದೆಯೇ ಹಾಯಾದ ಒಂದು ನಿಟ್ಟುಸಿರೂ ಬಂತು. ಕೆಳಗೆ ಗೇಟಿನ ಹತ್ತಿರ ಕಾರು ಬಂದು ನಿಂತದ್ದು ಕೇಳಿಸಿತು. ಬಗ್ಗಿ ನೋಡುವ ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಪ್ರಮೋದನ ದನಿ ಮೊಬೈಲಿನಲ್ಲಿ ಬಂತು.

"ಚಂದ್ರಹಾಸ, ನಿನ್ನ ಟೆಂಟು ತಗೊಂಡು ಹೋಗುವ ಅಂತ ಕೆಳಗೆ ಬಂದಿದ್ದೇವೆ. ನಿನಗೆ ಜ್ವರ ಅಂದದ್ದಕ್ಕೆ ಕಮಲಾಕ್ಷ ಬೆಳಗ್ಗಿನಿಂದ ಮೊದಲ ಸಲ ಬಾಯಿ ಬಿಟ್ಟ ಮಾರಾಯ. ಈಗ ನಾವು ಮೂರೇ ಜನ ಆದೆವಲ್ಲ, ಮೂರು ಜನ ಹೊರಡ್ಲಿಕ್ಕಿಲ್ಲವಂತೆ. ನಿನ್ನ ಕಂಪೌಂಡಿನಿಂದಲೇ ಒಂದು ಕಲ್ಲು ಎತ್ತಿಕೊಂಡ. ಹೆಸರೂ ಇಟ್ಟ." ಪ್ರಮೋದ್ ಬಿದ್ದು ಬಿದ್ದು ನಕ್ಕ. "ಚಂದ್ರಹಾಸ ಅಂತ!"

ಚಂದ್ರಹಾಸ ಬೇಡ ಎಂದು ಕೂಗಲು ಬಾಯಿ ತೆರೆದ. ತೆರೆದನೆಂದುಕೊಂಡ. ದವಡೆ ಅಲುಗಲಿಲ್ಲ. ಏಳಬೇಕೆಂದುಕೊಂಡ, ಕಾಲೆಂಬ ಕಾಲು ಎಲ್ಲಿದೆ ಎಂದೇ ತಿಳಿಯಲಿಲ್ಲ. ಹೊಟ್ಟೆಯೊಳಗಿನಿಂದ ಒಂದು ತಂಪು ಏರುತ್ತಾ ಬಂತು. ಹಾಗೆ ನೋಡಿದರೆ ಹಿತವಾಗಿಯೇ ಇತ್ತು.

ಕೆಳಗೆ ಕಾರು ಹೊರಟ ಸದ್ದಾಯಿತು.

"ಕೋಕಿಲಾ," ಕುಸುಮಾವತಿ ಟೀಚರ್ ತಮ್ಮ ಕಿಟಕಿಯಿಂದ ಕೂಗಿದರು, "ನಿಮ್ಮವರು ಅಂತೂ ಹೋದ್ರಲ್ಲ! ಈಗಷ್ಟೇ ಕಾರು ಹತ್ತಿದ್ರು. ನಾನು ಟಾಟಾ ಮಾಡಿದೆ, ತಿರುಗಿ ಕೂಡ ನೋಡ್ಲಿಲ್ಲ."

"ಹೋದ್ರಾ? ನನಗೆ ಒಂದು ಮಾತು ಹೇಳದೆ!" ಕೋಕಿಲಾ ಸಿಡುಕುತ್ತಾ ಬಾಲ್ಕನಿಗೆ ಬಂದಳು. ಮಲೆಯ ಕಡೆಯಿಂದ ಜೋರು ಗಾಳಿ ಬೀಸಿ, ನೆಲದ ಮೇಲಿದ್ದ ಪೇಪರುಗಳು ಫಡಫಡ ಎನ್ನುತ್ತಿದ್ದವು. ಅವಳು ಸುತ್ತ ನೋಡಿದಳು. ಕುರ್ಚಿಯತ್ತ ಬಗ್ಗಿ, ಚಂದ್ರಹಾಸನನ್ನು ಎರಡೂ ಕೈಯಿಂದ ಎತ್ತಿ ಪೇಪರುಗಳ ಮೇಲಿಟ್ಟು, "ಹ್ಞಾಂ, ಇನ್ನು ಎಲ್ಲಿಗೂ ಹಾರುದಿಲ್ಲ," ಎಂದು ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದಳು.