ಗುಂಪಿನ ಮನಸ್ಸು ಮತ್ತು ಕುಷ್ಟಗಿಯ ಸಕ್ಕರೆ

ನಮ್ಮೂರು ಮಂಗಳೂರು. ಸಮುದ್ರವಿರುವ ಮಂಗಳೂರಲ್ಲ ಸ್ವಾಮಿ, ಯಲಬುರ್ಗಿ ಸೀಮೆಯ, ಜೋಳದ ಹೊಲಗಳ ನಡುವಿನ ಮಂಗಳೂರು! ಹೈದರಾಬಾದಿನ ಕಾಲೇಜಿನಲ್ಲಿ ಊರ ಹೆಸರು ಹೇಳಿದಾಗಲೆಲ್ಲ ಗೆಳೆಯರು, ರಜೆ ಮುಗಿಸಿ ಬರುವಾಗ ಮೀನು ತಾ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತಿದರೆ ಸ್ನಾನ ಮಾಡಿಸುತ್ತಾರೆ.

ಇಂಥ ಊರಿನಿಂದ ಬಿ.ಎ. ಓದಲು ಹೋದವನು ನಾನೊಬ್ಬನೇ. ಅದರಲ್ಲೂ ಆ ವರ್ಷ ನಮಗೆ ಸಮಾಜ ಮನಃಶಾಸ್ತ್ರ ಎಂಬ ಹೊಸ ವಿಷಯ ಬಂದಿತ್ತು. ಒಬ್ಬನೇ ಇದ್ದಾಗ ಒಂದು ತರಹ ಇರುವ ಮನುಷ್ಯ ನಾಲ್ಕು ಜನರ ನಡುವೆ ಕೂತಾಗ ಇನ್ನೊಂದು ತರಹ ಏಕಾಗುತ್ತಾನೆ ಎಂದು ವಿಚಾರ ಮಾಡುವ ಶಾಸ್ತ್ರ ಅದು. ಪ್ರೊಫೆಸರು ಉರ್ದುವಿನಲ್ಲಿ ಪಾಠ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ತಲೆದೂಗುತ್ತಿದ್ದೆ. ಶುರುವಿನ ಒಂದೆರಡು ಅಧ್ಯಾಯ ಮುಗಿಯುವಷ್ಟರಲ್ಲಿ ಮನುಷ್ಯಕುಲ ನನ್ನ ಅಂಗೈಯಲ್ಲಿದೆ ಅನ್ನಿಸಿತು. ಆ ಹುರುಪಿನಲ್ಲೇ ರಜೆಗೆಂದು ಕೊಪ್ಪಳದಲ್ಲಿ ರೈಲು ಇಳಿದು, ಚಕ್ಕಡಿ ಹತ್ತಿ ಊರಿಗೆ ಬಂದೆ.

ಮನೆಗೆ ಬಂದರೆ ತಂಗಿ ನೀಲವ್ವನ ಮದುವೆಯ ಮಾತು ನಡೆದಿತ್ತು. ಗಂಡು ಕುಷ್ಟಗಿಯ ಸಂಗಪ್ಪ. ಒಳ್ಳೆಯ ಮನೆತನ, ದೊಡ್ಡ ವ್ಯಾಪಾರ, ಹದಗೆಡದ ಆರೋಗ್ಯ. ದೋಷವೆಂದರೆ ಇಷ್ಟೇ: ವಯಸ್ಸು ನಲವತ್ತು ದಾಟಿತ್ತು, ಕಟ್ಟಿಕೊಂಡ ಹೆಂಡಂದಿರಿಬ್ಬರೂ ತೀರಿಹೋಗಿದ್ದರು, ಮತ್ತು ಮೊದಲನೆಯವಳ ಮಗಳು ನಮ್ಮ ನೀಲವ್ವನ ಓರಗೆಯವಳು!

ಅವ್ವ ತೀರಿದ ಮೇಲೆ ಈ ಮನೆಯಲ್ಲಿ ನೀಲವ್ವ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ನನ್ನೊಬ್ಬನ ಹತ್ತಿರ. ಹಿತ್ತಲಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ಮೊರದಿಂದ ಮುಖ ಎತ್ತದೆಯೇ ಹೇಳಿದಳು.

"ಅಣ್ಣಾ, ನನಗ ಆ ಮನಿ ಬ್ಯಾಡ. ಅವ್ರು ಸಕ್ಕರಿ ತಗೊಂಡು ಬಂದಾಗ ನೀ ಒಂದ್ ಮಾತು ಬ್ಯಾಡ ಅನ್ನು. ಅಷ್ಟ ಸಾಕು."

ಸಕ್ಕರೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಗಂಡಿನ ಕಡೆಯವರು ಸಕ್ಕರೆ ತರುತ್ತಾರೆ. ಹಿರಿಯರೆಲ್ಲ ಪಡಸಾಲೆಯಲ್ಲಿ ಕೂತು ಅದನ್ನು ಬಾಯಿಗೆ ಹಾಕಿಕೊಂಡರೆ ಸಂಬಂಧ ಗಟ್ಟಿಯಾದಂತೆ. ಆಮೇಲೆ ಮಾತು ತಿರುಗಿಸಿದ ಮನೆಗೆ ಹೆಣ್ಣು ಕೇಳಲು ಯಾರೂ ಬರುವುದಿಲ್ಲ. ಆದ್ದರಿಂದ ಏನು ಹೇಳುವುದಿದ್ದರೂ ಸಕ್ಕರೆ ಬಾಯಿಗೆ ಬೀಳುವ ಮೊದಲೇ ಹೇಳಬೇಕು.

"ನಾನೊಬ್ಬ ಬ್ಯಾಡ ಅಂದ್ರ ಹುಡುಗಬುದ್ಧಿ ಅಂತ ತಳ್ಳಿಹಾಕ್ತಾರ ನೀಲಿ. ಇದಕ್ಕ ಶಾಸ್ತ್ರೋಕ್ತ ಕ್ರಮ ಐತಿ," ಎಂದೆ ನಾನು, ಪ್ರೊಫೆಸರರ ಹಾಗೆ ಬೆರಳು ಎತ್ತಿ.

"ಯಾವ ಶಾಸ್ತ್ರ?"

"ಗುಂಪಿನ ಮನಸ್ಸಿನ ಶಾಸ್ತ್ರ. ನೀ ಸುಮ್ನ ನೋಡು!"

ಅವಳು ಸುಮ್ಮನೆ ನೋಡಿದಳು. ಪಾಪ, ನನ್ನ ಮೇಲೆ ಅವಳಿಗೆ ನಂಬಿಕೆಯಿತ್ತು.

ಮರುದಿನವೇ ತಳಕಲ್ಲಿಗೆ ಹೋಗಿ ಸೋದರಮಾವ ಅಂದಾನಪ್ಪನನ್ನು ಹೊಲದಲ್ಲಿ ಹಿಡಿದೆ. ಮಾವ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಖರೇ ಹೇಳ್ತೀನಿ ತಮ್ಮಾ, ಈ ಸಂಬಂಧ ನನಗ ಕಿಂಚಿತ್ತೂ ಮನಸಿಲ್ಲ. ಆದ್ರ ನಿಮ್ಮ ದೊಡ್ಡಪ್ಪಗ ಭಾಳ ಮನಸೈತಿ. ಹಿರೀ ಮನಷ್ಯಾ, ನಾ ಹೆಂಗ ಎದುರಾಡ್ಲಿ?"

ಊರಿಗೆ ಬಂದು ದೊಡ್ಡಪ್ಪನನ್ನು ಕೇಳಿದೆ. ದೊಡ್ಡಪ್ಪ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ. "ನನಗ್ಯಾಕ ಮನಸಿರ್ತೈತೋ! ಕೂಸಿನ ಕೊರಳು ಕೊಯ್ದಂಗ ಆಗ್ತೈತಿ. ಅದೆಲ್ಲಾ ನಿಮ್ಮ ಸೋದರಮಾವಂದು. ತಾಯಿ ಕಡೀ ಮಾತು, ನಾ ನಡುವ ಬಾಯಿ ಹಾಕಿದ್ರ ಛಲೋ ಕಾಣಂಗಿಲ್ಲ."

ಗಂಗಾವತಿಯಿಂದ ಬಂದಿದ್ದ ಅತ್ತೆ ಹನುಮವ್ವನನ್ನು ಕೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದು ತಪ್ಪಿದ್ರ ಹೇಮಗುಡ್ಡದ ದುರ್ಗವ್ವಗ ಉಡಿ ತುಂಬ್ತೀನಿ ಅಂತ ಹರಕಿ ಹೊತ್ತೀನಪ. ಗಂಡಸರೆಲ್ಲಾ ಕೂಡಿ ಗಟ್ಟಿ ಮಾಡ್ಯಾರ, ನನ್ನ ಮಾತು ಯಾರು ಕೇಳ್ತಾರ?"

ನನಗೆ ಕುಣಿಯುವಷ್ಟು ಸಂತೋಷವಾಯಿತು. ನೋಡಿ, ಒಬ್ಬರಿಗೂ ಬೇಡ! ಉಳಿದವರಿಗೆಲ್ಲ ಬೇಕಾಗಿದೆ ಎಂದು ಪ್ರತಿಯೊಬ್ಬರೂ ತಿಳಿದಿದ್ದಾರೆ. ಪುಸ್ತಕದಲ್ಲಿ ಇದ್ದದ್ದು ಹುಬೇಹೂಬು ನಮ್ಮ ಪಡಸಾಲೆಯಲ್ಲಿ! ಮೊದಲು ಒಬ್ಬ ಬಾಯಿ ಬಿಟ್ಟರೆ ಸಾಕು, ಉಳಿದವರು ತಾವಾಗಿ ಹಿಂದೆ ಬರುತ್ತಾರೆ. ಎಲ್ಲರನ್ನೂ ಒಂದು ಕಡೆ ಕೂಡಿಸಿ ಈ ಮಾತನ್ನು ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಅದು ಯಾರಾದರೂ ಮಾಡಬಹುದಾದ ಕೆಲಸ. ನಾನು ಬಿ.ಎ. ಓದುವವನು, ಯೋಜನೆ ಹಾಕಿದೆ.

ಯೋಜನೆ ಹೀಗಿತ್ತು. ನಾನು ಎಲೆ ಅಡಿಕೆಯ ತಟ್ಟೆಯನ್ನು ದೊಡ್ಡಪ್ಪನ ಮುಂದೆ ಸರಿಸುವುದು. ಆಗ ದೊಡ್ಡಪ್ಪ ಕೆಮ್ಮಿ, "ಸ್ವಲ್ಪ ವಿಚಾರ ಮಾಡೂಣ್ರಿ, ಅವಸರ ಬ್ಯಾಡ," ಎನ್ನುವುದು. ಕೂಡಲೇ ಸೋದರಮಾವ, "ಹಿರ್ಯಾರು ಅಂದದ್ದು ಖರೆ ಐತಿ," ಎನ್ನುವುದು. ಒಳಗಿನಿಂದ ಅತ್ತೆ, "ನಂದೂ ಅದ ಮಾತ್ರಿ!" ಎಂದು ಕೂಗುವುದು. ಮೂರೂ ಮಂದಿಗೆ ಬೇರೆ ಬೇರೆಯಾಗಿ, ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಸದೆ, ಬಾಯಿಪಾಠ ಮಾಡಿಸಿದೆ. ಮಾವ ಎತ್ತಿಗೆ ನೀರು ಕುಡಿಸುವಾಗಲೂ, "ಹಿರ್ಯಾರು ಅಂದದ್ದು ಖರೆ ಐತಿ," ಎಂದು ಗೊಣಗುತ್ತಿದ್ದನಂತೆ.

ಅಪ್ಪನನ್ನು ಮಾತ್ರ ಕೇಳಲಿಲ್ಲ. ಗುಂಪು ಮೊದಲು ತಿರುಗಿದರೆ ಯಜಮಾನ ತಾನೇ ತಿರುಗುತ್ತಾನೆ ಎಂದು ನನ್ನ ಶಾಸ್ತ್ರ ಹೇಳುತ್ತಿತ್ತು. ಅಪ್ಪನ ಎದುರು ನಿಂತು ಮಾತಾಡಲು ನನಗೆ ಹೆದರಿಕೆ ಇತ್ತೆಂಬುದನ್ನು ಅದು ಹೇಳುತ್ತಿರಲಿಲ್ಲ.

ಆ ದಿನ ಬಂತು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಸಂಗಪ್ಪ ಗೋಡೆಗೆ ಒರಗಿ, ತನ್ನದೇ ಮದುವೆಗೆ ತಾನು ಸಾಕ್ಷಿ ಹೇಳಲು ಬಂದವನಂತೆ ಮುದುಡಿ ಕೂತಿದ್ದ. ಮಾತೆಲ್ಲ ಅವನ ಅಣ್ಣ, ದೊಡ್ಡ ಸಾವಕಾರರದು. ಅವರು ಹಿತ್ತಾಳೆಯ ಪಾತ್ರೆಯೊಂದನ್ನು ನಡುವೆ ಇಟ್ಟು ಮೇಲಿನ ವಸ್ತ್ರ ತೆಗೆದರು.

ಪಾತ್ರೆಯ ತುಂಬ ಸಕ್ಕರೆ! ಬೆಳ್ಳಗೆ, ಹರಳು ಹರಳಾಗಿ!

ಎರಡನೆಯ ಮಹಾಯುದ್ಧದ ಕಾಲ ಅದು. ನಮ್ಮ ಸೀಮೆಯಲ್ಲಿ ಸಕ್ಕರೆ ಕಣ್ಣಿಗೆ ಬಿದ್ದು ಎಷ್ಟೋ ತಿಂಗಳಾಗಿತ್ತು. ಚಹಾಕ್ಕೂ ಬೆಲ್ಲ, ಹಬ್ಬಕ್ಕೂ ಬೆಲ್ಲ. ಎಲ್ಲಿಂದ ತಂದರೋ, ಹೇಗೆ ತಂದರೋ, ಕೇಳುವ ಧೈರ್ಯ ಯಾರಿಗಿದೆ! ಪಡಸಾಲೆಯ ಕಣ್ಣುಗಳೆಲ್ಲ ಆ ಪಾತ್ರೆಗೆ ಇಳಿದವು. ನನ್ನ ಪುಸ್ತಕದಲ್ಲಿ ಗುಂಪಿನ ಭಯದ ಬಗ್ಗೆ, ಗುಂಪಿನ ಭಕ್ತಿಯ ಬಗ್ಗೆ ಬೇಕಾದಷ್ಟು ಇತ್ತು. ಗುಂಪಿನ ನಾಲಿಗೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಾನು ತಟ್ಟೆ ಸರಿಸಿದೆ. ದೊಡ್ಡಪ್ಪ ಕೆಮ್ಮಿದ.

"ನೀರು ತರ್ರಿ, ಹಿರ್ಯಾರಿಗೆ ಕೆಮ್ಮು ಬಂದೈತಿ!" ಎಂದರು ಸಾವಕಾರರು. ನೀರು ಬಂತು. ದೊಡ್ಡಪ್ಪ ಕುಡಿದ. ನಾನು ತಟ್ಟೆಯನ್ನು ಇನ್ನಷ್ಟು ಸರಿಸಿದೆ. ಅದು ಅವನ ಮೊಣಕಾಲಿಗೆ ಬಡಿಯಿತು. ದೊಡ್ಡಪ್ಪ ಮತ್ತೆ ಕೆಮ್ಮಿ ಬಾಯಿ ತೆರೆದ. ಸಾವಕಾರರು ಅವನ ಮುಖವನ್ನೇ ನೋಡಿದರು. ಎಲ್ಲರೂ ಅವನ ಮುಖವನ್ನೇ ನೋಡಿದರು. ದೊಡ್ಡಪ್ಪ ನನ್ನನ್ನು ನೋಡಿದ, ಮಾವನನ್ನು ನೋಡಿದ, ಅಪ್ಪನನ್ನು ನೋಡಿದ, ಕೊನೆಗೆ ಪಾತ್ರೆಯನ್ನು ನೋಡಿದ.

"ಭಾಳ ಛಲೋ ಸಕ್ಕರಿ ಐತಿ ನೋಡ್ರಿ," ಎಂದುಬಿಟ್ಟ!

ಮಾವ ಇದೇ ಕ್ಷಣಕ್ಕಾಗಿ ಉಸಿರು ಹಿಡಿದು ಕಾದಿದ್ದ. ದೊಡ್ಡಪ್ಪ ಏನೆಂದನೆಂದು ವಿಚಾರ ಮಾಡಲು ಅವನಿಗೆ ಪುರಸೊತ್ತೆಲ್ಲಿ?

"ಹಿರ್ಯಾರು ಅಂದದ್ದು ಖರೆ ಐತಿ!" ಎಂದ, ಪಡಸಾಲೆ ಗುಡುಗುವಂತೆ.

"ನಂದೂ ಅದ ಮಾತ್ರಿ!" ಎಂದು ಬಾಗಿಲ ಹಿಂದಿನಿಂದ ಅತ್ತೆ ಕೂಗಿದಳು.

ಜಗತ್ತಿನಲ್ಲಿ ಯಾವ ಯೋಜನೆಯೂ ಇಷ್ಟು ಸರಿಯಾಗಿ ನಡೆದಿರಲಿಕ್ಕಿಲ್ಲ. ಒಬ್ಬ ಬಾಯಿ ಬಿಟ್ಟ, ಉಳಿದವರು ಹಿಂದೆ ಬಂದರು. ಅಪ್ಪ ಎಲ್ಲರ ಮುಖ ನೋಡಿ, ಸಕ್ಕರೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ದೊಡ್ಡಪ್ಪ ಹಾಕಿಕೊಂಡ. ಮಾವ ಹಾಕಿಕೊಂಡ.

ಸಾವಕಾರರು ನನ್ನ ಅಂಗೈಗೂ ಸಕ್ಕರೆ ಸುರಿದರು. "ತಗೋರಿ, ನೀವು ಹೈದರಾಬಾದಿನ್ಯಾಗ ಓದಾವ್ರು. ಏನರ ಹೇಳೂದೈತೇನು?"

ಕೇಳಿದರು! ಬಾಯಿಬಿಟ್ಟು ಕೇಳಿದರು! ಬಾಗಿಲ ಸಂದಿಯಲ್ಲಿ ನೀಲವ್ವನ ಸೀರೆಯ ಅಂಚು ಕಾಣುತ್ತಿತ್ತು. "ಬ್ಯಾಡ" ಎಂಬ ಮಾತು ಗಂಟಲವರೆಗೆ ಬಂದಿತ್ತು. ಆದರೆ ಎಲ್ಲರ ಬಾಯಿಗಳು ಮೆಲ್ಲುತ್ತಿದ್ದವು, ಎಲ್ಲರ ಕಣ್ಣುಗಳು ನನ್ನ ಅಂಗೈ ಮೇಲಿದ್ದವು, ಮತ್ತು ನನ್ನ ಕೈ, ನನ್ನ ಅಪ್ಪಣೆಯಿಲ್ಲದೆ, ಮೇಲೆದ್ದಿತು.

ತಿಂದೆ. ಸಿಹಿಯಾಗಿತ್ತು.

ಸ್ವಲ್ಪ ಹೊತ್ತಿಗೆ ನೀಲವ್ವನನ್ನು ಹೊರಗೆ ಕರೆದು ಹಿರಿಯರಿಗೆಲ್ಲ ನಮಸ್ಕಾರ ಮಾಡಿಸಿದರು. ನನ್ನ ಕಾಲಿಗೂ ಬಗ್ಗಿದಳು. ಆಶೀರ್ವಾದ ಮಾಡೋಣವೆಂದರೆ ಬಾಯಲ್ಲಿ ಇನ್ನೂ ಸಕ್ಕರೆ ಇತ್ತು.

ಕುಷ್ಟಗಿಯವರು ಹೋದ ಮೇಲೆ ಪಡಸಾಲೆಯಲ್ಲಿ ಜಗಳ ಹತ್ತಿತು. ದೊಡ್ಡಪ್ಪ ಮಾವನನ್ನು ಬೈದ, ಮಾವ ದೊಡ್ಡಪ್ಪನನ್ನು ಬೈದ, ಅತ್ತೆ ಇಬ್ಬರನ್ನೂ ಬೈದಳು. ಅಪ್ಪ ಕಂಬಕ್ಕೆ ಒರಗಿ ಕೂತು ಎಲ್ಲ ಕೇಳಿಸಿಕೊಂಡ.

"ಅಂದ್ರ ನಿಮಗ್ಯಾರಿಗೂ ಮನಸಿರಲಿಲ್ಲ?" ಎಂದ ಮೆಲ್ಲಗೆ. "ನನಗೂ ಇರಲಿಲ್ಲ. ನೀವೆಲ್ಲಾ ಒಪ್ಪೀರಿ ಅಂತ ನಾ ಬಾಯಿಗೆ ಹಾಕ್ಕೊಂಡೆ."

ಅಪ್ಪ ಅಳುವುದನ್ನು ನಾನು ಅವ್ವ ತೀರಿದಾಗ ನೋಡಿದ್ದೆ, ಆಮೇಲೆ ಅವತ್ತೇ. ನನಗೆ ನನ್ನ ಮೇಲೆ ಬಂದ ಅಸಹ್ಯ ಇಷ್ಟು ವರ್ಷವಾದರೂ ಇಳಿದಿಲ್ಲ.

ಮದುವೆಯಾಯಿತು. ಊಟದ ಸಾಲಿನಲ್ಲಿ ಮದುಮಗ ಸಂಗಪ್ಪ ನನ್ನ ಪಕ್ಕಕ್ಕೆ ವಾಲಿ, ಅನ್ನ ಕಲಸುತ್ತಾ ಹೇಳಿದ: "ಸಿಟ್ಟಾಗಬ್ಯಾಡ್ರಿ. ನನಗ ಮೂರನೇದ್ದು ಬ್ಯಾಡಾಗಿತ್ತು. ನನ್ನ ಮಗಳ ಸರೀಕಿ ಆಕಿ. ಅಣ್ಣಗ ನಾ ಎದುರು ಮಾತಾಡಂಗಿಲ್ಲ. ನಿಮ್ಮ ಪೈಕಿ ಯಾರರ ಒಬ್ರು ಬ್ಯಾಡ ಅಂತಾರ ಅಂತ ಕಾಯ್ಕೊಂತ ಕುಂತಿದ್ನಿ. ನೀವಂತೂ ಬ್ಯಾಡ ಅಂದೇ ಅಂತೀರಿ ಅನ್ಕೊಂಡಿದ್ನಿ."

ನಾನು ಪಾಯಸ ಬೇಡವೆಂದೆ. ಬೇಡ ಎನ್ನಲು ನನಗೆ ಆವತ್ತು ಬಾಯಿ ಬಂದದ್ದು ಅದೊಂದಕ್ಕೇ.

ಚಕ್ಕಡಿ ಹತ್ತುವ ಮುಂಚೆ ನೀಲವ್ವ ನನ್ನ ಹತ್ತಿರ ಬಂದಳು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಚೆನ್ನಾಗಿತ್ತು.

"ಅಣ್ಣಾ, ಉಳಿದಾವ್ರಿಗೆ ಒಬ್ಬರ ಮನಸು ಒಬ್ಬರಿಗೆ ಗೊತ್ತಿರಲಿಲ್ಲ. ನಿನಗೊಬ್ಬಗ ಎಲ್ಲಾರದೂ ಗೊತ್ತಿತ್ತು," ಎಂದಳು. ಚಕ್ಕಡಿ ಕುಷ್ಟಗಿಯ ದಾರಿ ಹಿಡಿಯಿತು.

ರಜೆ ಮುಗಿಸಿ ಹೈದರಾಬಾದಿಗೆ ಹೋದೆ. ಪ್ರೊಫೆಸರು ಅದೇ ಪಾಠ ಮುಂದುವರಿಸಿದರು. ಯಾರಿಗೂ ಬೇಡವಾದದ್ದನ್ನು ಎಲ್ಲರೂ ಕೂಡಿ ಒಪ್ಪಿಕೊಂಡ ಉದಾಹರಣೆ ನಿಮ್ಮ ನಿಮ್ಮ ಊರಲ್ಲಿ ಯಾರಾದರೂ ಕಂಡಿದ್ದೀರಾ, ಕಂಡಿದ್ದರೆ ಕೈ ಎತ್ತಿ, ಎಂದರು. ನಾನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಯಾರೂ ಎತ್ತಿರಲಿಲ್ಲ.

ನಾನೂ ಎತ್ತಲಿಲ್ಲ.