ಹದಿನೇಳು ಒಂದುಗಳು

ಗಣಿತ ಮೇಷ್ಟ್ರುಗಳ ಜೊತೆ ಬಾಳಿದವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಅವು ಆಸ್ಪತ್ರೆಯಲ್ಲೋ ನದೀ ದಡದ ಕರ್ಮಾಂತರದಲ್ಲೋ ನಡೆಯುತ್ತವೆ, ಅಷ್ಟೇ.

೧

ಮದ್ದೂರಿನಲ್ಲಿ ನನ್ನ ಜೊತೆ ಗಣಿತ ಹೇಳುತ್ತಿದ್ದ ಮೇಷ್ಟ್ರು ನಿವೃತ್ತರಾಗಿ ಗುತ್ತಲಿನಲ್ಲಿ ಮನೆ ಮಾಡಿದರು. ಹದಿನೇಳು ಒಂದುಗಳನ್ನು ಸಾಲಾಗಿ ಬರೆದರೆ ಬರುವ ಸಂಖ್ಯೆ ಅವಿಭಾಜ್ಯ, ಯಾವುದಕ್ಕೂ ಬಗ್ಗುವುದಿಲ್ಲ ಎಂಬುದು ಅವರ ನಂಬಿಕೆ. ಅಂಕಿಗಳ ಮೊತ್ತ ಹದಿನೇಳು, ಹಾಗಾಗಿ ಮೂರರಿಂದ ಭಾಗವಾಗದು. ಏಳರಿಂದಲೂ ಇಲ್ಲ, ಹನ್ನೊಂದರಿಂದಲೂ ಇಲ್ಲ. ಹಳೆಯ ಲಗ್ನಪತ್ರಿಕೆಗಳ ಬೆನ್ನ ಮೇಲೆ ಭಾಗಿಸುತ್ತ ಹತ್ತು ವರ್ಷದಲ್ಲಿ ಹತ್ತೊಂಬತ್ತು ಸಾವಿರದವರೆಗೆ ಬಂದಿದ್ದರು. ಕಂಪ್ಯೂಟರನ್ನು ಕೇಳೋಣ ಅಂದರೆ, "ಅದು ಕಾಪಿ ಹೊಡೆದಂಗೆ ಕಣಯ್ಯ" ಅನ್ನುತ್ತಿದ್ದರು.

ಅವರ ಹೆಂಡತಿ ಒಮ್ಮೆ ನನ್ನನ್ನು ಕೇಳಿದರು: "ಅದು ಭಾಗ ಆದ್ರೆ ಏನಾಯ್ತದೆ?"

"ಏನೂ ಆಗಲ್ಲಮ್ಮ."

"ಆಗ್ನಿಲ್ಲ ಅಂದ್ರೆ?"

"ಆಗಲೂ ಏನಿಲ್ಲ."

"ಓಗ್ಲಿ ಬುಡಿ. ಕುಡಿಯಾದು ಕಲೀನಿಲ್ವಲ್ಲ."

೨

ಮಂಡ್ಯದ ಆಸ್ಪತ್ರೆಗೆ ಸೇರಿಸಿದಾಗ ಮೇಷ್ಟ್ರ ಮುಖಕ್ಕೆ ಆಮ್ಲಜನಕದ ಮಾಸ್ಕು. ಮಾತಿಲ್ಲ. ಕಾಗದ ಬೇಡಿ ಹದಿನೇಳು ಒಂದು ಬರೆದರು. ಮಳವಳ್ಳಿಯಿಂದ ಬಂದಿದ್ದ ಅವರ ಭಾವಮೈದ ಆ ಕಾಗದವನ್ನು ಜೇಬಿಗಿಳಿಸಿಕೊಂಡು ಮಾಯವಾದ. ಯಾರಿಗೂ ಹೇಳದ ಜಮೀನಿನ ಸರ್ವೆ ನಂಬರ್ ಎಂದು ತಾಲ್ಲೂಕು ಕಚೇರಿಗೆ ಹೋಗಿದ್ದನಂತೆ. ಅಲ್ಲಿನ ಗುಮಾಸ್ತ ಎಣಿಸಿ ನೋಡಿ ಹೇಳಿದ್ದು ಇಷ್ಟೇ: "ಈ ನಂಬರ್ ಬರ್ಬೇಕಾದ್ರೆ ಸಮುದ್ರಾನೂ ಅಳೀಬೇಕು ಕಣ್ಲಾ."

೩

ಮಾರನೆಯ ದಿನ ಮೇಷ್ಟ್ರು ಮಾಸ್ಕು ಸರಿಸಿ ನನ್ನ ಕಿವಿಯಲ್ಲಿ ಹೇಳಿದರು: "ಇನ್ನು ಕಾಪಿ ಹೊಡೆದ್ರೂ ಪರವಾಗಿಲ್ಲ. ತಿಳ್ಕೊಂಡೇ ಹೋಗ್ಬೇಕು. ನೋಡ್ಕೊಂಡು ಬಾ."

ನನ್ನ ಮೊಮ್ಮಗಳ ಕಂಪ್ಯೂಟರಿಗೆ ರೆಪ್ಪೆ ಬಡಿಯುವಷ್ಟೂ ಹೊತ್ತು ಹಿಡಿಯಲಿಲ್ಲ. 2071723ರಿಂದ ನಿಶ್ಶೇಷವಾಗಿ ಭಾಗವಾಯಿತು. ಹೇಳೋಣವೆಂದು ಹೋದರೆ ಬಾಗಿಲಲ್ಲೇ ಡಾಕ್ಟರು, "ಆಘಾತದ ಸುದ್ದಿ ಏನೂ ಹೇಳಬೇಡಿ" ಎಂದರು.

"ಏನಾಯ್ತಯ್ಯ?" ಎಂದರು ಮೇಷ್ಟ್ರು.

"ಕಂಪ್ಯೂಟರ್ ಇನ್ನೂ ಮಾಡ್ತಾ ಇದೆ."

ಅವರ ಮುಖ ಅರಳಿತು. "ನಂಗೇ ಹತ್ತು ವರ್ಷ ಹಿಡೀತು. ಅದುಕ್ಕೆ ಒಂದು ವಾರಾನಾದ್ರೂ ಬೇಡ್ವಾ? ಕಾಯ್ತೀನಿ ಬುಡು."

ಸಂಜೆ ನಾಲ್ಕಕ್ಕೆ ಹೋದರು.

೪

ಮೂರನೆಯ ದಿನ ಮುತ್ತತ್ತಿಯ ಹೊಳೆಯಲ್ಲಿ ಅಸ್ಥಿ ಬಿಟ್ಟು, ಎಡೆ ಇಟ್ಟು, ಕೋತಿಗಳಿಗೆ ಕೋಲು ತೋರಿಸುತ್ತ ಕಾದೆವು. ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ. ಕಾಗೆಯೇನೋ ಬಂತು. ಎಲೆಯ ಪಕ್ಕ ನಿಂತು ನಮ್ಮನ್ನೇ ನೋಡಿತು. ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ನೆಂಟರು ಮಾತು ಕೊಟ್ಟರು. ಮುಟ್ಟಲಿಲ್ಲ. ಮಧ್ಯಾಹ್ನ ಎರಡಾಯಿತು.

ತಿಳಿಯದೇ ಹೋದರಲ್ಲ, ಅದಕ್ಕೇ ಇರಬೇಕು ಅನ್ನಿಸಿತು. ಕೈಮುಗಿದು ನಿಜ ಒಪ್ಪಿಸಿದೆ: "ಮೇಷ್ಟ್ರೇ, ಅದು ಭಾಗ ಆಯ್ತದೆ."

ಕಾಗೆ ಹಾರಿ ಹೋಗಿ ಮರದಲ್ಲಿ ಕೂತಿತು.

"ಬದುಕಿದ್ದಾಗ್ಲೂ ಇಂಗೇಯ," ಎಂದರು ಅವರ ಹೆಂಡತಿ, ಕಣ್ಣೊರೆಸಿಕೊಂಡು. "ತೆಪ್ಪು ಅಂದೇಟ್ಗೆ ಎಲೆ ಮುಂದಿಂದ ಎದ್ದೋಯ್ತಿದ್ರು."

ಭಾವಮೈದ ನನ್ನ ಕಡೆ ಬಾಗಿದ. "ಸಾ, ಇನ್ನೊಂದು ಕಿತ ಲೆಕ್ಕ ಮಾಡಿ. ಒಟ್ಟೆ ಅಸೀತಾದೆ."

ಮತ್ತೆ ಕೈಮುಗಿದೆ. "ತಪ್ಪು ನಂದೇ ಮೇಷ್ಟ್ರೇ. ಅದು ಅವಿಭಾಜ್ಯ."

ಕಾಗೆ ಇಳಿದು ಬಂದು ಪಾಯಸದಿಂದಲೇ ಶುರುಮಾಡಿತು. ಮೂವತ್ತು ವರ್ಷ ಒಬ್ಬ ವಿದ್ಯಾರ್ಥಿಗೂ ತಪ್ಪು ಲೆಕ್ಕ ಹೇಳಿಕೊಡದ ನಾನು, ಕಾಗೆಗೆ ಹೇಳಿಕೊಟ್ಟು ಊಟಕ್ಕೆ ಕೂತೆ.