ಕಾಕಾನ ಒಳಗಿನ ಮಂದಿ

ನಮ್ಮ ಕಾಕಾ ಒಬ್ಬ ಮನುಷ್ಯನೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅವನೊಳಗೆ ಒಂದು ಓಣಿಯೇ ಇತ್ತು! ಎಪ್ಪತ್ತರ ದಶಕದ ಸೊಲ್ಲಾಪುರದಲ್ಲಿ ಅವನದೊಂದು ಚಾದರಿನ ಅಂಗಡಿ. ಗಿರಾಕಿಗಳು ಚೌಕಾಸಿಗಿಳಿದರೆ, "ನಾ ಕಡಿಮಿ ಮಾಡ್ತಿದ್ನಿರಿ, ಆದ್ರ ಒಳಗಿನ ಶೇಟಜಿ ಒಪ್ಪವಲ್ಲ" ಎನ್ನುತ್ತಿದ್ದ.

"ಹಂಗಾದ್ರ ಅವ್ರನ್ನ ಹೊರಗ ಕರೀರಿ, ನಾ ಮಾತಾಡ್ತೀನಿ!" ಎಂದಳು ತಡವಳ ಹಳ್ಳಿಯ ಒಬ್ಬ ಗಟ್ಟಿಗಿತ್ತಿ. ಕಾಕಾ ಹಿಂದಿನ ಕೋಣೆಗೆ ಹೋಗಿ, ಶೇಟಜಿಯೊಡನೆ ಜಗಳಾಡಿ, ಸೋತು ಬಂದ!

ಇದೇನೋ ನಗೆಯ ಮಾತಾಯಿತು. ಆದರೆ ಅಕ್ಕಲಕೋಟೆಯ ಬಸ್ಸು? ಅವನ ಮಗಳನ್ನು ಕೊಟ್ಟದ್ದು ಆ ಊರಿಗೆ. ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಗಿ, ಕೂಸು ಅಂಬೆಗಾಲಿಡತೊಡಗಿದರೂ ಕಾಕಾ ಅದರ ಮುಖ ಕಂಡಿರಲಿಲ್ಲ. ಪೇಡೆ ಕಟ್ಟಿಸಿಕೊಂಡು ಬಸ್ಸು ಹತ್ತುವನು, ನಡುದಾರಿಯ ಕುಂಭಾರಿ ಬರುತ್ತಲೇ ಇಳಿದುಬಿಡುವನು! ಮನೆಗೆ ಬಂದವನೇ ಅಡುಗೆಮನೆಗೆ ಇಣುಕಿ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಕೇಳುವನು: "ಅದೀಯಲ್ಲ?"

"ಎಲ್ಲಿ ಹೋಗ್ಲಿರಿ? ಹಂಚಿನ ಮ್ಯಾಲ ರೊಟ್ಟಿ ಐತಿ!"

"ಯಾಕ ಇಳದಿ ಕಾಕಾ?" ಎಂದರೆ, "ನಾ ಎಲ್ಲಿ ಇಳದೆ? ಒಳಗಿನ ಅಂಜುಬುರುಕ ಇಳಿಸಿದ" ಎನ್ನುವನು. ಪೇಡೆ ನಮ್ಮ ಹೊಟ್ಟೆ ಸೇರುತ್ತಿತ್ತು. ನಮಗೇನು ನಷ್ಟ?

ನಷ್ಟ ಮಗಳಿಗಾಯಿತು. "ಅಪ್ಪಗ ನಾ ಬ್ಯಾಡಾಗೀನಿ" ಎಂದು ಅವಳು ತವರಿನ ಕಡೆ ತಲೆ ಹಾಕುವುದನ್ನೇ ಬಿಟ್ಟಳು. ಆಗ, ಕಾಲೇಜು ಓದುತ್ತಿದ್ದ ನಾನು ಕಾಕಾನನ್ನು ಮನೋರೋಗದ ಡಾಕ್ಟರರ ಹತ್ತಿರ ಕರೆದೊಯ್ದೆ.

ಎಲ್ಲ ಕೇಳಿಯೂ ಅವರು ನಗಲಿಲ್ಲ, ಹುಚ್ಚೆನ್ನಲೂ ಇಲ್ಲ! "ಎಲ್ಲಾರ ಒಳಗೂ ಮಂದಿ ಇರ್ತಾರ್ರಿ. ನಿಮಗ ಕೇಳಸ್ತದ, ಅಷ್ಟ. ಆ ಅಂಜುಬುರುಕಗ ಏನಂತೀರಿ?"

"ಬಾಯಿ ಮುಚ್ಚು ಅಂತ ಬೈತೀನ್ರಿ."

"ಈ ಸಲ ಬೈಬ್ಯಾಡ್ರಿ. ಯಾಕ ಅಂಜತಿ ಅಂತ ಕೇಳ್ರಿ."

ಕಾಕಾ ಕಣ್ಣು ಮುಚ್ಚಿದ. ಒಳಗೆ ಯಾರು ಯಾರನ್ನು ಕೇಳುತ್ತಿದ್ದಾರೋ ಎಂದು ನನಗೆ ಎಲ್ಲಿಲ್ಲದ ಕುತೂಹಲ! ನಾನೆಂದೂ ಕೇಳದ ಸಣ್ಣ ದನಿ ಹೊರಬಂತು.

"ಅಂವ ಸಣ್ಣ ಹುಡುಗ ಅದಾನ್ರಿ. ಅವ್ವ ಜಡ್ಡಿಗೆ ಬಿದ್ದಾಗ, ನಾಕು ದಿನ ಇದ್ದು ಬಾ ಅಂತ ಅಕ್ಕಲಕೋಟಿಗೆ ಅವ್ವನ ತಂಗಿ, ಮಾವಶಿ ಮನಿಗೆ ಕಳಿಸಿದ್ರು. ಹೊಳ್ಳಿ ಬಂದು ನೋಡಿದ್ರ, ಅಡಗಿಮನ್ಯಾಗ ಅವ್ವ ಇರಲಿಲ್ಲ."

ಇಷ್ಟು ದಿನ ನಮ್ಮ ಅಡುಗೆಮನೆಗೆ ಇಣುಕುತ್ತಿದ್ದವರು ಯಾರೆಂದು ಆಗ ತಿಳಿಯಿತು.

ಡಾಕ್ಟರರ ಬಳಿ ಕೆಲವು ವಾರ ಓಡಾಡಿದ ಮೇಲೆ ಇಬ್ಬರೂ ಬಸ್ಸು ಹತ್ತಿದೆವು. ಕುಂಭಾರಿ ಬಂತು. ಕಾಕಾ ಅರ್ಧ ಎದ್ದವನು ಮತ್ತೆ ಕುಳಿತ. ಎದೆಯ ಮೇಲೆ ಅಂಗೈ ಇಟ್ಟುಕೊಂಡು, "ಅಂಜಿಕಿ ಬಂದ್ರ ಬರ್ಲಿ. ನಾ ಇದ್ದೀನಲ್ಲ" ಎಂದ.

"ನನಗ ಅಂದ್ರೇನ್ರಿ?" ಎಂದು ಪಕ್ಕದ ಸೀಟಿನವ ಗಾಬರಿಯಾದ!

ಬಸ್ಸು ಹೊರಟಿತು. ಕಾಕಾ ಇಳಿಯಲಿಲ್ಲ.

ಅಕ್ಕಲಕೋಟೆಯಲ್ಲಿ ಮಗಳು ಬಾಗಿಲಲ್ಲೇ ಅತ್ತಳು. ಆಮೇಲೆ ಕೂಸನ್ನು ತಂದು ಅವನ ತೊಡೆಯ ಮೇಲಿಟ್ಟಳು. ಆ ಪೊದೆಮೀಸೆ ಕಂಡದ್ದೇ ತಡ, ಅದು ಕಿಟಾರನೆ ಕಿರುಚಿತು.

"ಏ ಸುಮ್ಮನಿರು! ಅಜ್ಜ ಅದಾನ!" ಎಂದು ಮಗಳು ಗದರಿದಳು.

ಕಾಕಾ ಕೂಸನ್ನು ಮೆಲ್ಲಗೆ ತಾಯಿಯ ತೆಕ್ಕೆಗೆ ಮರಳಿಸಿ, ತುಸು ದೂರ ಸರಿದು ನೆಲದ ಮೇಲೆ ಕುಳಿತ.

"ಬೈಬ್ಯಾಡವ್ವಾ. ಅದರ ಅಂಜಿಕಿ ಹೋಗೂತನಕ ನಾ ಇಲ್ಲೇ ಕುಂದ್ರತೀನಿ."